ಬಲಗಡೆಯ ವಿಂಗಿನಿಂದ ಹೋದವನು

ಜೂನ್ ಮೂರು
ಬಣ್ಣದ ಕೋಣೆಯಿಂದ

ಮಹಾಜನಗಳೇ!

ಮುಂದಿನ ಸಾಲಿನಲ್ಲಿ ಕಾಲು ಚಾಚಿ ಕೂತವರೇ, ಹಿಂದಿನ ಬೆಂಚಿನಲ್ಲಿ ಆಗಲೇ ಆಕಳಿಸತೊಡಗಿದವರೇ, ಟಿಕೆಟ್ಟಿಲ್ಲದೆ ನುಸುಳಿ ಕಂಬದ ಮರೆಯಲ್ಲಿ ನಿಂತವರೇ! ಕೆಮ್ಮುವವರು ಈಗಲೇ ಕೆಮ್ಮಿ ಮುಗಿಸಿರಿ. ಕಾಗದ ಶುರುವಾಗುತ್ತಿದೆ!

ನಗಬೇಡವೋ ಪಿಸು. ಇದನ್ನು ಓದುವವನು ನೀನೊಬ್ಬನೇ ಎಂದು ನನಗೂ ಗೊತ್ತು. ಆದರೆ ಒಬ್ಬನಿಗೋಸ್ಕರ ಬಾಯಿ ತೆರೆದು ನನಗೆ ಅಭ್ಯಾಸವಿಲ್ಲ. ಎದುರಿಗೆ ಐನೂರು ತಲೆ ಕಂಡರೆ ಮಾತ್ರ ನನ್ನ ಪೆನ್ನು ಓಡುತ್ತದೆ. ಪಕ್ಕದಲ್ಲಿ ನಿನ್ನ ತಂಗಿ, ಅಂದರೆ ನನ್ನ ಮನೆಯಾಕೆ, ಚಕ್ರವರ್ತಿಯ ನಿಲುವಂಗಿಗೆ ಗುಂಡಿ ಹೊಲಿಯುತ್ತಾ ಕೂತಿದ್ದಾಳೆ. ಬರೆದ ಒಂದೊಂದು ಸಾಲನ್ನೂ ನಾನು ಗಟ್ಟಿಯಾಗಿ ಓದಿ ನೋಡುತ್ತಿದ್ದೇನಲ್ಲ, "ಅಣ್ಣನಿಗೆ ಕಾಗದ ಬರೀತಿದ್ದೀರೋ, ಊರಿಗೆಲ್ಲ ಡಂಗುರ ಹೊಡೀತಿದ್ದೀರೋ?" ಎಂದು ಈಗಷ್ಟೇ ಕೇಳಿದಳು.

ನೀನು ಹೋಗಿ ಆರು ವಾರವಾಯಿತು. ಅತ್ತಿಗೆಗೆ ಆ ದೇಶದ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿತು, ಸಂತೋಷ. ಅವರನ್ನು ಒಂದು ಮನೆಗೆ ಸೇರಿಸಿ, ಪಾತ್ರೆ ಪಡಗ ಹೊಂದಿಸಿ ಕೊಟ್ಟು, ಮೂರು ತಿಂಗಳಲ್ಲಿ ಬಂದುಬಿಡುತ್ತೇನೆ ಎಂದೆ, ಅದೂ ಸಂತೋಷ. ಆದರೆ ಇಲ್ಲಿ ನಮ್ಮ ಗತಿ ನೋಡು. ಬಲಗಡೆಯ ವಿಂಗಿನ ಪರದೆಯ ಮರೆಯಲ್ಲಿ ಕೂತು ಮಾತು ಹೇಳಿಕೊಡುವ ನಿನ್ನ ಜಾಗದಲ್ಲಿ ನಾಟಕ ಕಂಪನಿಯ ಮಾಲೀಕರು ಟಿಕೆಟ್ ಕೌಂಟರಿನವನನ್ನು ಕೂರಿಸಿದ್ದಾರೆ. ಅವನ ಪ್ರಕಾರ ಪಿಸುಗುಟ್ಟುವುದೆಂದರೆ ಹೌಸ್‌ಫುಲ್ ಎಂದು ಬೀದಿಗೆ ಕೇಳುವಂತೆ ಕೂಗುವುದು! ಕಳೆದ ಶನಿವಾರ ಅವನು ಒದರಿದ ಸಾಲು ನನಗಿಂತ ಮೊದಲು ಹಿಂದಿನ ಬೆಂಚಿಗೆ ಮುಟ್ಟಿತು. ಅಲ್ಲಿಂದ ಯಾರೋ ಮಹಾನುಭಾವ, "ಚಕ್ರವರ್ತಿಗಳೇ, ನಮಗೆ ಕೇಳಿಸಿ ಆಯ್ತು, ನೀವೂ ಒಂದ್ಸಲ ಹೇಳಿ ಮುಗಿಸಿಬಿಡಿ!" ಎಂದ. ಸಭೆಯೆಲ್ಲ ಗೊಳ್ಳೆಂದಿತು. ಯುವರಾಜನ ಪಾತ್ರದವನೂ ಬೆನ್ನು ತಿರುಗಿಸಿ ನಕ್ಕ.

ನೀನಿದ್ದಾಗ ಹೀಗಿತ್ತೇ? ಸಾಲಿನ ಮೊದಲ ಎರಡು ಪದಗಳನ್ನು ನೀನು ನನ್ನ ಉಸಿರಿಗಿಂತ ಅರೆ ಉಸಿರು ಮುಂಚೆ ಬಿಡುತ್ತಿದ್ದೆ. ನಾನು ಅದನ್ನು ಹಿಡಿದು ಗುಡುಗುತ್ತಿದ್ದೆ. ಅರ್ಥದ ಹೊಣೆ ನಿನ್ನದು, ಕಂಠದ ಹೊಣೆ ನನ್ನದು. ಇಪ್ಪತ್ತೆರಡು ವರ್ಷಗಳಲ್ಲಿ ನಾನು ಒಂದೇ ಒಂದು ಪುಟವನ್ನೂ ಬಾಯಿಪಾಠ ಮಾಡಿದವನಲ್ಲ ಎಂಬ ಗುಟ್ಟು ಮೂವರಿಗೆ ಗೊತ್ತು: ನಿನಗೆ, ನನಗೆ, ಈ ಗುಂಡಿ ಹೊಲಿಯುವವಳಿಗೆ. ಊರವರು ಸುಮ್ಮನೆ ಹೆಸರಿಟ್ಟರೇ ನಮಗೆ, ಗುಡುಗು ಮತ್ತು ಪಿಸು ಎಂದು?

ಅಕ್ಟೋಬರ್ ಇಪ್ಪತ್ತು ನೆನಪಿದೆಯಲ್ಲ? ಕಂಪನಿಗೆ ಐವತ್ತು ತುಂಬುವ ದಿನ. ನಮ್ಮ ಚಕ್ರವರ್ತಿಯ ನಾಟಕವೇ ಆಗಬೇಕೆಂದು ಮಾಲೀಕರ ಹಟ. ಕೊನೆಯ ಅಂಕ, ರಾಜ್ಯ ಕಳೆದುಕೊಂಡ ಚಕ್ರವರ್ತಿ ಗಡಿಕಲ್ಲಿನ ಮುಂದೆ ನಿಂತು ನಾಡಿಗೆ ವಿದಾಯ ಹೇಳುವ ನಾಲ್ಕು ಪುಟದ ಮಾತು. ಯುವರಾಜನಿಗೆ ಅದು ಪೂರ್ತಿ ಕಂಠಪಾಠ. ನಾನು ತಡವರಿಸಿದಾಗಲೆಲ್ಲ ಅವನ ತುಟಿ ಅಲ್ಲಾಡುತ್ತದೆ. ಮಾಲೀಕರು ನನ್ನ ತುಟಿ ಬಿಟ್ಟು ಅವನ ತುಟಿ ನೋಡತೊಡಗಿದ್ದಾರೆ. ನೀನು ಬರದಿದ್ದರೆ ಆ ಕಿರೀಟ ನನ್ನ ತಲೆಯ ಮೇಲೆ ಉಳಿಯುವುದಿಲ್ಲ. ಇನ್ನು ಗಡಿಕಲ್ಲೆಂದು ರಂಗದ ಮೇಲೆ ಇಡುವ ಮರದ ಪೆಟ್ಟಿಗೆಗೂ ಗೆದ್ದಲು ಹಿಡಿದಿದೆ. ಬಡಗಿ ನಾಳೆ ನಾಳೆ ಎನ್ನುತ್ತಿದ್ದಾನೆ.

ಅಂದ ಹಾಗೆ, ಮಾರ್ಚಿನಲ್ಲಿ ಮಧ್ಯಂತರದ ಹೊತ್ತಿಗೆ ಓಡಿ ಬಂದು "ಪ್ರಯಾಣದ ಕಾಗದ, ಇಲ್ಲೊಂದು ಸಾಕ್ಷಿ ಸಹಿ ಹಾಕು" ಎಂದೆಯಲ್ಲ, ಅದರ ಕಥೆ ಏನಾಯಿತು? ಮುಖಕ್ಕೆ ಬಳಿದ ಕೆಂಪು ನನ್ನ ಹೆಬ್ಬೆರಳಲ್ಲೇ ಇತ್ತು, ಸಹಿಯ ಪಕ್ಕ ಒತ್ತಿಬಿಟ್ಟಿತ್ತು. ಓದಿ ಹಾಕು ಎಂದು ನೀನು ಹೇಳಲಿಲ್ಲ. ಓದಿ ಹೇಳು ಎಂದು ನಾನು ಕೇಳಲಿಲ್ಲ. ನೀನು ಕೊಟ್ಟದ್ದನ್ನು ಓದಿ ನೋಡುವ ಅಭ್ಯಾಸ ನನಗೆಲ್ಲಿದೆ!

ಬೇಗ ಬಾ. ನಿನ್ನ ಸ್ಟೂಲಿನ ಮೇಲೆ ಆ ಕೌಂಟರಿನವನನ್ನು ಕೂರಲು ಬಿಟ್ಟಿಲ್ಲ. ಕುರ್ಚಿ ತರಿಸಿ ಕೊಟ್ಟಿದ್ದೇನೆ.

ನಿನ್ನವನೇ ಆದ
ಗುಡುಗು


ಜುಲೈ ಒಂಬತ್ತು

ಪ್ರೀತಿಯ ಗುಡುಗು,

ನಿನ್ನ ಕಾಗದ ತಲುಪಿತು. ಓದುವಾಗ ನಿನ್ನ ದನಿ ಕೇಳಿಸಿತು. ಪಕ್ಕದ ಮನೆಯವರಿಗೂ ಕೇಳಿಸಿರಬೇಕು.

ನಾವಿರುವುದು ಮೂರನೆಯ ಮಹಡಿಯ ಒಂದು ಕೋಣೆ. ಕಿಟಕಿ ತೆರೆದರೆ ಇನ್ನೊಂದು ಕಟ್ಟಡದ ಗೋಡೆ. ನಿನ್ನ ಅತ್ತಿಗೆ ಬೆಳಿಗ್ಗೆ ಆರಕ್ಕೆ ಹೊರಡುತ್ತಾಳೆ. ನನಗೂ ಅದೇ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಸಿಕ್ಕಿದೆ. ಹಾಸಿಗೆಯ ಹೊದಿಕೆಗಳು ಯಂತ್ರದಿಂದ ಬಿಸಿಯಾಗಿ ಬರುತ್ತವೆ. ಇಬ್ಬರು ಎದುರುಬದುರು ನಿಂತು ನಾಲ್ಕು ಮೂಲೆ ಹಿಡಿದು ಮಡಿಸಬೇಕು. ಯಾರೂ ಮಾತಾಡುವುದಿಲ್ಲ. ಎದುರಿಗಿರುವವನ ಭುಜ ನೋಡಿದರೆ ಅವನು ಯಾವಾಗ ಎಳೆಯುತ್ತಾನೆ ಎಂದು ತಿಳಿಯುತ್ತದೆ. ನನಗೆ ಬೇಗ ಬಂತು. ಇಪ್ಪತ್ತೆರಡು ವರ್ಷ ನಿನ್ನ ಭುಜ ನೋಡಿದ್ದೇನಲ್ಲ.

ಅಕ್ಟೋಬರಿನ ವಿಷಯ ಮುಂದೆ ನೋಡೋಣ. ರಜೆಯ ನಿಯಮ ಏನೆಂದು ಇನ್ನೂ ಸರಿಯಾಗಿ ತಿಳಿದಿಲ್ಲ.

ಒಂದು ಕೆಲಸವಾಗಬೇಕು. ಇಲ್ಲಿಯ ಕಚೇರಿಯಿಂದ ನಿನ್ನ ಹೆಸರಿಗೆ ಒಂದು ಕಾಗದ ಬರುತ್ತದೆ. ಕೆಳಗೆ ಗೆರೆಯ ಮೇಲೆ ಸಹಿ ಹಾಕಿ, ಜೊತೆಗಿರುವ ಲಕೋಟೆಯಲ್ಲೇ ಕಳಿಸು. ಇಂಗ್ಲಿಷಿನಲ್ಲಿದೆ, ತಲೆ ಕೆಡಿಸಿಕೊಳ್ಳಬೇಡ. ನಿನ್ನದಾಗಿ ಏನೂ ಬರೆಯಬೇಡ.

ನಾಟಕದ ಪ್ರತಿ ನನ್ನ ಸ್ಟೂಲಿನ ಪಕ್ಕದ ತಗಡಿನ ಪೆಟ್ಟಿಗೆಯಲ್ಲಿದೆ. ಪೆನ್ಸಿಲ್ ಗುರುತುಗಳನ್ನು ಅಳಿಸಲು ಬಿಡಬೇಡ. ಒಂದು ಗೆರೆ ಇದ್ದರೆ ಅರೆ ಉಸಿರು, ಎರಡಿದ್ದರೆ ಪೂರ್ತಿ ಉಸಿರು.

ತಂಗಿಯನ್ನು ಕೇಳಿದೆನೆಂದು ಹೇಳು.

ನಿನ್ನ
ಪಿಸು


ಆಗಸ್ಟ್ ಹದಿನಾಲ್ಕು

ಮಹಾಜನಗಳೇ! ಇವತ್ತು ನಾಟಕವಿಲ್ಲ. ಇವತ್ತು ವಿಚಾರಣೆ!

ಆ ನಿನ್ನ ಕಾಗದ ಮೊನ್ನೆ ಮಂಗಳವಾರ ಬಂತು. ನಾನು ಪೆನ್ನಿನ ಮುಚ್ಚಳ ತೆಗೆದು, ಗೆರೆ ಹುಡುಕಿ, ಕೈ ಊರಿದ್ದೆ. ಇವಳು ಬಂದು ಪೆನ್ನನ್ನೇ ಕಿತ್ತುಕೊಂಡಳು.

"ಮೂರು ತಿಂಗಳಿಗೆ ಅಂತ ಹೋದವರಿಗೆ, ಹೋಗಿ ನಾಲ್ಕು ತಿಂಗಳಾಗ್ತಾ ಬಂದ ಮೇಲೂ ಸಾಕ್ಷಿ ಯಾಕ್ರೀ ಬೇಕು?"

"ಅಣ್ಣನ ಮೇಲೆ ಅನುಮಾನವೇನೇ ನಿನಗೆ?"

"ಅನುಮಾನ ಅಲ್ಲ. ಓದಿಸಿ ಹಾಕಿ ಅಂದೆ. ಓದಿಸಿದ್ರೆ ಕಾಗದ ಸವೆದು ಹೋಗುತ್ತಾ?"

ಸೈಕಲ್ ಅಂಗಡಿಯ ಮೇಲಿನ ಮಹಡಿಯಲ್ಲಿ ಇಂಗ್ಲಿಷ್ ಪಾಠ ಹೇಳುವ ಟೀಚರಮ್ಮ ಗೊತ್ತಲ್ಲ, ನಿವೃತ್ತರಾದ ಮೇಲೂ ಸೀಮೆಸುಣ್ಣ ಬಿಡದವರು? ಅವರ ಬಟ್ಟೆ ಹೊಲಿಯುವವಳು ಇವಳೇ. ಎಳೆದುಕೊಂಡು ಹೋದಳು. ಕೆಳಗೆ ಯಾರೋ ಚಕ್ರ ತಿರುಗಿಸಿ ಬೆಂಡು ತೆಗೆಯುತ್ತಿದ್ದರು, ಟಿಣ್ ಟಿಣ್ ಎಂದು ಒಂದೇ ಸದ್ದು. ಟೀಚರಮ್ಮ ಕನ್ನಡಕ ಏರಿಸಿ ಓದಿದರು.

"ಎರಡು ವಾಕ್ಯ ಇದೆ ಯಜಮಾನ್ರೇ. ಮೊದಲನೇದು, ‘ಅರ್ಜಿದಾರರನ್ನು ನಾನು ಇಪ್ಪತ್ತೆರಡು ವರ್ಷದಿಂದ ಚೆನ್ನಾಗಿ ಬಲ್ಲೆ.’"

"ಅದಕ್ಕೇನು! ನೂರು ಸಹಿ ಹಾಕ್ತೀನಿ!"

"ತಡೀರಿ. ಎರಡನೇದು, ‘ಅವರು ತಮ್ಮ ದೇಶದಿಂದ ಎಮಿಗ್ರೇಟ್ ಆಗಲು ನಿರ್ಧರಿಸಿರುವುದು ನನಗೆ ತಿಳಿದಿದೆ.’ ಮಾರ್ಚಿನಲ್ಲಿ ನೀವು ಇದಕ್ಕೆ ಸಹಿ ಹಾಕಿದ್ದೀರಿ. ಅದು ನಿಜವೇ ಅಂತ ಮತ್ತೊಮ್ಮೆ ಕೇಳ್ತಿದ್ದಾರೆ. ಅಕ್ಟೋಬರ್ ಮೂವತ್ತರೊಳಗೆ ಅವರಿಗೆ ತಲುಪಬೇಕಂತೆ."

"ಎಮಿಗ್ರೇಟ್ ಅಂದ್ರೆ ಟೂರು ತಾನೇ ಮೇಡಂ?"

"ಅಲ್ಲ."

"ಕೆಲಸಕ್ಕೆ ಅಂತ ಹೋಗಿ ಬರೋದು?"

"‘ಬರೋದು’ ಅನ್ನೋದು ಅದರಲ್ಲಿ ಇಲ್ಲ. ತನ್ನ ದೇಶ ಬಿಟ್ಟು ಇನ್ನೊಂದು ಕಡೆ ನೆಲೆಸೋಕೆ ಹೋಗೋದು. ಹೋಗೋದು ಅಷ್ಟೇ."

ಇವಳು ಸೆರಗಿನ ಚುಂಗು ಹಿಡಿದು ಕಿಟಕಿಯ ಕಡೆ ನೋಡಿದಳು. ನಾನು ನಕ್ಕೆ. ಹೌದು ಕಣೋ, ನಕ್ಕೆ! ಇಂಗ್ಲಿಷಿನಲ್ಲಿ ಒಂದು ಮಾತಿಗೆ ಹತ್ತು ಅರ್ಥ ಇರುತ್ತದೆ, ಇನ್ನೊಂದು ಹುಡುಕಿ ಮೇಡಂ ಎಂದೆ. ಆ ತಾಯಿ ದಪ್ಪನೆಯ ನಿಘಂಟು ತಂದು ನನ್ನ ಮುಂದೆ ಬಿಚ್ಚಿಟ್ಟರು. ಆ ಪದದ ಮುಂದೆ ಒಂದೇ ಸಾಲು. ಒಂದೇ! ಆಮೇಲೆ ಹಲಗೆಯ ಮೇಲೆ ಎರಡು ಪದ ಬರೆದು ತೋರಿಸಿದರು. ಎಮಿಗ್ರೇಟ್ ಎಂದರೆ ಬಿಟ್ಟ ಕಡೆಯಿಂದ ನೋಡಿ ಹೇಳುವ ಮಾತು, ಅದಕ್ಕೆ ಎಲ್ಲಿಂದ ಎಂಬುದು ಬೇಕು. ಇಮಿಗ್ರೇಟ್ ಎಂದರೆ ಸೇರಿದ ಕಡೆಯಿಂದ ನೋಡಿ ಹೇಳುವ ಮಾತು, ಅದಕ್ಕೆ ಎಲ್ಲಿಗೆ ಎಂಬುದು ಬೇಕು. ಮನುಷ್ಯ ಒಬ್ಬನೇ, ಪ್ರಯಾಣ ಒಂದೇ.

"ಇದು ನಮ್ಮ ರಂಗದ ಬಾಗಿಲು ಮೇಡಂ!" ಎಂದೆ. "ರಂಗದ ಮೇಲೆ ನಿಂತು ನೋಡಿದ್ರೆ ನಿರ್ಗಮನ. ಬಣ್ಣದ ಕೋಣೆಯಲ್ಲಿ ಕೂತು ನೋಡಿದ್ರೆ ಅದೇ ನಟನ ಪ್ರವೇಶ."

"ಎಷ್ಟು ಬೇಗ ಹಿಡಿದ್ರಿ!" ಎಂದು ಟೀಚರಮ್ಮ ಹಿಗ್ಗಿದರು. "ಮೂವತ್ತು ವರ್ಷ ಪಾಠ ಹೇಳಿದ್ದೀನಿ, ನನಗೇ ಇದು ಹೊಳೆದಿರಲಿಲ್ಲ. ಈಗ ಒಂದು ವಾಕ್ಯ ಮಾಡಿ ನೋಡೋಣ."

ಜೀವಮಾನದಲ್ಲಿ ಮೊದಲ ಸಲ ನಾನಾಗಿಯೇ ಒಂದು ಇಂಗ್ಲಿಷ್ ಪದದ ಅರ್ಥ ಹಿಡಿದೆ, ಭೇಷ್ ಎನಿಸಿಕೊಂಡೆ. ಆದರೆ ವಾಕ್ಯ ಮಾಡಲು ಬಾಯಿ ಬರಲಿಲ್ಲ. ಎದ್ದು ಬಂದೆ.

ಕಾಗದದ ಜೊತೆ ಮಾರ್ಚಿನ ಅರ್ಜಿಯ ನಕಲು ಇಟ್ಟಿದ್ದಾರೆ. ನನ್ನ ಹೆಬ್ಬೆರಳ ಕೆಂಪು ನಕಲಿನಲ್ಲಿ ಕಪ್ಪಗೆ ಬಂದಿದೆ. ನೀನು ಇಲ್ಲಿಂದ ಶಾಶ್ವತವಾಗಿ ಹೊರಟೆ ಎಂಬುದಕ್ಕೆ ಜಗತ್ತಿನಲ್ಲಿ ಒಬ್ಬ ಸಾಕ್ಷಿ, ಅವನೇ ನಾನು! ಗೊತ್ತಿಲ್ಲದವನೂ ನಾನೊಬ್ಬನೇ!

ಗಡಿಕಲ್ಲಿನ ಮುಂದಿನ ಆ ಮಾತು ನೆನಪಿದೆಯೇನೋ? "ತಾಯೇ, ನಿನಗೆ ಬೆನ್ನು ತೋರಿಸಿ ಹೋಗಲಾರೆ. ಕಡೆಯ ಹೆಜ್ಜೆಯವರೆಗೂ ನಿನ್ನ ಮುಖ ನೋಡುತ್ತಾ ಹಿಂದೆ ಹಿಂದೆ ನಡೆದು ಹೋಗುತ್ತೇನೆ." ನಾನೂರಕ್ಕೂ ಹೆಚ್ಚು ಸಲ ಅದನ್ನು ನನ್ನ ಬಾಯಿಂದ ಹೇಳಿಸಿದೆ. ನಾನು ಸಭೆಗೆ ಮುಖ ಕೊಟ್ಟು, ಹಿಂದೆ ಹಿಂದೆ ನಡೆಯುತ್ತಾ, ನಿನ್ನ ವಿಂಗಿನೊಳಗೆ ಬಂದು ಬೀಳುತ್ತಿದ್ದೆ. ನೀನು ಭುಜ ಹಿಡಿದು ನಿಲ್ಲಿಸುತ್ತಿದ್ದೆ. ಅಷ್ಟು ಸಲ ವಿದಾಯ ಹೇಳಿಕೊಟ್ಟವನಿಗೆ ತನ್ನದೊಂದು ವಿದಾಯ ಹೇಳಲು ಬಾಯಿ ಬರಲಿಲ್ಲವೇ? ಪ್ರತಿ ಎಲ್ಲಿದೆ, ಗುರುತು ಯಾವುದಕ್ಕೆ ಎಂದೆಲ್ಲ ಬರೆದಿದ್ದೀಯ. ಬರುವವನು ಇದನ್ನೆಲ್ಲ ಬರೆಯುತ್ತಾನೆಯೇ? ಆಗಲೇ ನನಗೆ ಹೊಳೆಯಬೇಕಿತ್ತು.

ಸಹಿ ಹಾಕಿಲ್ಲ.

ಗುಡುಗು


ಸೆಪ್ಟೆಂಬರ್ ಎಂಟು

ಪಿಸು,

ಮೂರು ವಾರ ಕಾದೆ. ಉತ್ತರವಿಲ್ಲ. ಇವತ್ತು ಸಭೆಯನ್ನು ಕರೆದಿಲ್ಲ, ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೇನೆ. ಒಂದೇ ಪ್ರಶ್ನೆ.

ಮಧ್ಯಂತರದಲ್ಲಿ ಪೆನ್ನು ಕೊಟ್ಟೆಯಲ್ಲ, ಆಗ ನಿನಗೆ ಗೊತ್ತಿತ್ತೇ? ಅಥವಾ ಅಲ್ಲಿಗೆ ಹೋದ ಮೇಲೆ ಮನಸ್ಸು ಬದಲಾಯಿತೇ? ಎರಡನೆಯದಾದರೆ ಹಾಗಂತ ಒಂದು ಸಾಲು ಬರೆ. ನಿನ್ನ ಮೇಲಾಣೆ, ನಂಬುತ್ತೇನೆ. ನೀನು ಏನು ಹೇಳಿಕೊಟ್ಟರೂ ನಂಬುವವನು ನಾನು.

ಮಾಲೀಕರು ಇವತ್ತು ಕರೆದು ಕೂರಿಸಿಕೊಂಡರು. "ಅಕ್ಟೋಬರ್ ಹನ್ನೆರಡರ ತಾಲೀಮಿಗೆ ಕೊನೆಯ ಅಂಕ ನೋಡ್ತೀನಿ. ತಡವರಿಸಿದ್ರೆ ಯುವರಾಜನಿಗೆ ಕಿರೀಟ. ಬೇಜಾರು ಮಾಡ್ಕೋಬೇಡಿ" ಎಂದರು. ಇಲ್ಲ ಎಂದು ತಲೆಯಾಡಿಸಿ ಬಂದೆ.

ಗು.


ಸೆಪ್ಟೆಂಬರ್ ಇಪ್ಪತ್ತೇಳು

ಗುಡುಗು,

ಗೊತ್ತಿತ್ತು.

ಬೇರೆ ಉತ್ತರ ಬರೆದು ನೋಡಿದೆ. ಎರಡು ಸಲ ಬರೆದು ಹರಿದೆ. ಪೆನ್ನು ಕೊಡುವಾಗ ಗೊತ್ತಿತ್ತು. ಅದಕ್ಕಿಂತ ಬಹಳ ಮುಂಚೆಯೇ ಗೊತ್ತಿತ್ತು. ನಿನ್ನ ಅತ್ತಿಗೆ ಈ ಕೆಲಸಕ್ಕೆ ಮೊದಲ ಪರೀಕ್ಷೆ ಬರೆದದ್ದು ಎರಡು ವರ್ಷದ ಕೆಳಗೆ.

ಯಾಕೆ ಹೇಳಲಿಲ್ಲ ಎಂದು ಕೇಳುತ್ತೀಯ. ಹೇಳಿದ್ದರೆ ನೀನು ಮಾತಾಡುತ್ತಿದ್ದೆ. ನೀನು ಮಾತಾಡಲು ನಿಂತರೆ ಎದುರಿಗಿರುವವರು ಎದ್ದು ಹೋಗಿದ್ದನ್ನು ನಾನು ಕಂಡಿಲ್ಲ. ನಾನು ಉಳಿದುಬಿಡುತ್ತಿದ್ದೆ. ನಿನ್ನ ಅತ್ತಿಗೆ ಇಪ್ಪತ್ತು ವರ್ಷ ಇನ್ನೊಬ್ಬರ ವಾರ್ಡಿನಲ್ಲಿ ರಾತ್ರಿಪಾಳಿ ಮಾಡಿದಳು, ಇಲ್ಲಿ ಅವಳದೇ ವಾರ್ಡು. ಅವಳಿಗಾಗಿ ಎಂದು ಬರೆದರೆ ಪೂರ್ತಿ ನಿಜವಾಗುವುದಿಲ್ಲ. ಇಪ್ಪತ್ತೆರಡು ವರ್ಷ ನನ್ನ ಬಾಯಿಂದ ಹೊರಟದ್ದೆಲ್ಲ ನಿನ್ನ ಹೆಸರಿನಲ್ಲಿ ಚಪ್ಪಾಳೆ ತಂದಿತು. ಅದಕ್ಕೆ ನಿನ್ನ ಮೇಲೆ ಕೋಪವಿಲ್ಲ. ಆದರೆ ಒಂದು ಸಲವಾದರೂ ನನ್ನದೇ ಆದ ಏನನ್ನಾದರೂ ಮಾಡಬೇಕು ಅನಿಸಿತ್ತು. ನಾನು ಈ ದೇಶಕ್ಕೆ ಎಮಿಗ್ರೇಟ್ ಆಗಿದ್ದೇನೆ ಎಂದು ಕಚೇರಿಯಲ್ಲಿ ಹೇಳಿದಾಗ, ಮೊದಲ ಸಲ ನನ್ನ ಮಾತನ್ನು ನಾನೇ ಹೇಳಿದ ಹಾಗಿತ್ತು.

ಇನ್ನೊಂದು ವಿಷಯ. ಇದನ್ನು ಕೇಳಿದರೆ ನಿನಗೆ ಸಮಾಧಾನವಾದೀತು ಎಂದು ಹೇಳುತ್ತಿದ್ದೇನೆ.

ಕೊನೆಯ ಅಂಕದಲ್ಲಿ ನಾನು ನಿನಗೆ ಹೇಳಿಕೊಡುವುದನ್ನು ಬಿಟ್ಟು ಎರಡು ವರ್ಷವಾಯಿತು.

ಮೊದಲು ಕಡೆಯ ಪುಟ ಬಿಟ್ಟೆ. ನೀನು ಗಮನಿಸಲಿಲ್ಲ, ಹೇಳಿಕೊಂಡು ಹೋದೆ. ಆಮೇಲೆ ಮೂರನೆಯ ಪುಟ. ಕೊನೆಯ ಆರು ತಿಂಗಳು ಬಾಯಿ ತೆರೆಯಲೇ ಇಲ್ಲ. ನೀನು ವಾರೆಗಣ್ಣಿನಿಂದ ನೋಡಿದರೆ ಕಾಣಲಿ ಎಂದು ಪುಸ್ತಕ ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡಿರುತ್ತಿದ್ದೆ, ಅಷ್ಟೇ. ಹಿಂದೆ ಹಿಂದೆ ನಡೆಯುವವನಿಗೆ ನನ್ನ ತುಟಿ ಕಾಣುತ್ತಿರಲಿಲ್ಲ. ಅದು ನಿನಗೆ ಬರುತ್ತದೆ, ಗುಡುಗು. ನಾಲ್ಕು ಪುಟವೂ ಬರುತ್ತದೆ. ನಿನಗೆ ನಾನು ಬೇಕಿಲ್ಲ.

ಆ ಕಾಗದಕ್ಕೆ ಸಹಿ ಹಾಕು. ಅದಿಲ್ಲದಿದ್ದರೆ ಇಬ್ಬರ ಅರ್ಜಿಯೂ ನಿಲ್ಲುತ್ತದೆ. ಇಲ್ಲೂ ಇಲ್ಲ, ಅಲ್ಲೂ ಇಲ್ಲ ಎಂದಾಗುತ್ತದೆ. ನಿನ್ನದಾಗಿ ಏನೂ ಬರೆಯಬೇಡ, ದಯವಿಟ್ಟು.

ಪಿಸು


ಅಕ್ಟೋಬರ್ ಹತ್ತೊಂಬತ್ತು
ಬಣ್ಣದ ಕೋಣೆಯಿಂದ

ಮಹಾಜನಗಳೇ! ಇದು ಕಡೆಯ ಅಂಕ.

ಪಿಸು, ನಿನ್ನ ಕಾಗದ ಬಂದಾಗ ಇವಳಿಗೆ ಗಟ್ಟಿಯಾಗಿ ಓದಿ ಹೇಳಲು ಶುರು ಮಾಡಿದೆ. "ಗೊತ್ತಿತ್ತು" ಎಂಬಲ್ಲಿ ದನಿ ನಿಂತಿತು. ಉಳಿದದ್ದನ್ನು ಇವಳೇ ಓದಿದಳು. ನಿನ್ನ ಕಾಗದವೂ ನಿನ್ನಂತೆಯೇ, ಪಿಸುಮಾತಿನಲ್ಲೇ ಬೆನ್ನಿಗೆ ಇರಿಯುತ್ತದೆ.

ಎರಡು ವರ್ಷದ ಮಾತನ್ನು ನಾನು ನಂಬಲಿಲ್ಲ. ತಪ್ಪಿಸಿಕೊಳ್ಳಲು ಹೂಡಿದ ಕಥೆ ಎಂದುಕೊಂಡೆ. ನೀನು ಸುಳ್ಳುಗಾರ ಎಂದು ಸಾಬೀತು ಮಾಡಬೇಕು, ಅದಕ್ಕಾಗಿ ಕಿರೀಟ ಹೋದರೂ ಹೋಗಲಿ ಎಂಬಷ್ಟು ಸಿಟ್ಟು. ಹನ್ನೆರಡನೆಯ ತಾರೀಕು ತಾಲೀಮಿಗೆ ನಿಂತಾಗ ಕೌಂಟರಿನವನಿಗೆ, "ಹೋಗಪ್ಪ, ಟೀ ಕುಡಿದು ಬಾ" ಎಂದೆ.

"ಅಯ್ಯೋ, ಹೇಳಿಕೊಡೋರು ಯಾರು?"

"ಇಷ್ಟು ವರ್ಷ ಯಾರು ಹೇಳಿಕೊಟ್ಟರೋ ಅವರೇ!"

ಅವನು ಕಣ್ಣು ಬಿಟ್ಟುಕೊಂಡು ಹೋದ. ಮಾಲೀಕರು ಮೊದಲ ಸಾಲಿನಲ್ಲಿ ತೋಳು ಕಟ್ಟಿ ಕೂತಿದ್ದರು. ಯುವರಾಜ ವಿಂಗಿನ ಅಂಚಿನಲ್ಲಿ ತುಟಿ ಸಿದ್ಧ ಮಾಡಿಕೊಂಡು ನಿಂತಿದ್ದ. ನಾನು ಬಾಯಿ ತೆರೆದೆ. ಈಗ ನಿಲ್ಲುತ್ತದೆ, ಈಗ ನಿಲ್ಲುತ್ತದೆ ಎಂದು ಕಾಯುತ್ತಾ ಹೇಳಿದೆ. ನಿಲ್ಲಲಿಲ್ಲ ಕಣೋ! ಒಂದನೆಯ ಪುಟ, ಎರಡನೆಯ ಪುಟ, ನೀನು ಹಾಕಿದ ಅರೆ ಉಸಿರು, ಪೂರ್ತಿ ಉಸಿರು, ಎಲ್ಲವೂ ತಮ್ಮ ತಮ್ಮ ಜಾಗದಲ್ಲಿ ಬಂದವು. ಯುವರಾಜನ ತುಟಿ ನಿಂತುಹೋಯಿತು. ಮಾಲೀಕರು ಕನ್ನಡಕ ತೆಗೆದು ಒರೆಸಿಕೊಂಡರು. ಹಿಂದೆ ಹಿಂದೆ ನಡೆದು ವಿಂಗಿನೊಳಗೆ ಬಂದೆ. ಭುಜ ಹಿಡಿಯಲು ಯಾರೂ ಇರಲಿಲ್ಲ. ತಗಡಿನ ಪೆಟ್ಟಿಗೆಗೆ ಕಾಲು ತಗುಲಿ ಬಿದ್ದೆ.

"ಬಿದ್ದಿದ್ದೂ ಅಭಿನಯವೇ!" ಎಂದು ಮಾಲೀಕರು ಚಪ್ಪಾಳೆ ತಟ್ಟಿದರು. "ಕಿರೀಟ ನಿಮ್ಮದೇ. ಇಷ್ಟು ವರ್ಷದಲ್ಲಿ ಹೀಗೆ ಹೇಳಿರಲಿಲ್ಲ ನೀವು!"

ಹೇಗೆ ತಾನೇ ಹೇಳಿರಲಿ? ಇಷ್ಟು ವರ್ಷ ಆ ಮಾತಿನ ಅರ್ಥವೇ ನನಗೆ ಗೊತ್ತಿರಲಿಲ್ಲ. ಟೀಚರಮ್ಮನ ನಿಘಂಟಿನ ಒಂದು ಸಾಲು ನೋಡಿದ ಮೇಲೆ ಗೊತ್ತಾಯಿತು.

ಬಿದ್ದಲ್ಲೇ ಕೂತೆ. ನೀನು ಸುಳ್ಳು ಹೇಳಿದ್ದರೆ ಎಷ್ಟು ಚೆನ್ನಾಗಿತ್ತು! ನಿಜ ಹೇಳಿದ್ದೀಯ. ಸಮಾಧಾನವಾದೀತು ಎಂದು ಬರೆದೆಯಲ್ಲ, ಯಾವ ಸಮಾಧಾನ? ಮಾರ್ಚಿನಲ್ಲಿ ಮೋಸ ಮಾಡಿದೆ ಎಂದುಕೊಂಡಿದ್ದೆ. ಒಂದು ಸಂಜೆಯ ಮೋಸ, ಒಂದು ಸಹಿಯ ಮೋಸ, ಹೇಗೋ ನುಂಗಬಹುದಿತ್ತು. ಆದರೆ ಎರಡು ವರ್ಷ! ಮಧ್ಯಂತರದಲ್ಲಿ ಒಂದೇ ಲೋಟದ ಟೀ ಹಂಚಿಕೊಂಡು ಕುಡಿದ ಎರಡು ವರ್ಷ. ನನ್ನ ಕೆಮ್ಮಿಗೆ ನೀನು ಬಿಸಿನೀರು ಹಿಡಿದು ನಿಂತ ಎರಡು ವರ್ಷ. ಅಷ್ಟೂ ದಿನ ನಾನು ಬೆನ್ನು ಕೊಟ್ಟು ನಿನ್ನ ಕಡೆಗೇ ನಡೆದು ಬರುತ್ತಿದ್ದೆ, ನೀನು ಬಾಯಿ ಮುಚ್ಚಿ, ಪುಸ್ತಕ ಬಿಚ್ಚಿ, ಇರುವವನ ಹಾಗೆ ಕೂತಿದ್ದೆ. ನಾನು ನಂಬಿದ್ದು ಖಾಲಿ ಸ್ಟೂಲನ್ನು! ಏಪ್ರಿಲಿನಲ್ಲಿ ಬಸ್ ನಿಲ್ದಾಣಕ್ಕೆ ಬಂದು ಅಷ್ಟೆಲ್ಲ ಕೈ ಬೀಸಿದೆನಲ್ಲ, ಯಾರಿಗೆ ಬೀಸಿದೆ?

ಮೊನ್ನೆ ಟೀಚರಮ್ಮನ ಬಳಿ ಮತ್ತೆ ಹೋದೆ. ನಿನ್ನ ಕಾಗದದ ಒಂದು ಸಾಲು ತೋರಿಸಿದೆ, ಈ ದೇಶಕ್ಕೆ ಎಮಿಗ್ರೇಟ್ ಆಗಿದ್ದೇನೆ ಎಂದು ಬರೆದಿದ್ದೀಯಲ್ಲ, ಅದನ್ನು. ಅವರು ಕೆಂಪು ಪೆನ್ಸಿಲ್ ಎತ್ತಿಕೊಂಡರು. "ಜನ ಹೀಗೂ ಹೇಳ್ತಾರೆ. ಆದ್ರೆ ಅಲ್ಲಿ ಕೂತು ಹೇಳುವವರಿಗೆ ಇನ್ನೊಂದು ಪದವೇ ಚೆಂದ" ಎಂದರು. ಇಪ್ಪತ್ತೆರಡು ವರ್ಷ ನನ್ನ ತಪ್ಪು ತಿದ್ದಿದವನೇ, ಈಗ ನಿನ್ನದನ್ನು ನಾನು ತಿದ್ದುತ್ತೇನೆ, ಕೇಳು. ಬಾಗಿಲು ದಾಟಿ ಹೋದವನಿಗೆ ಆ ಇನ್ನೊಂದು ಪದ ಇದೆ, ಅದನ್ನು ಇಟ್ಟುಕೋ, ಸುಖವಾಗಿ ಬಾಳು. ಈ ಪದ ಬಾಗಿಲ ಈ ಕಡೆ ನಿಂತು ನೋಡಿದವನದು. ಇದು ನನ್ನದು.

"ಹಾಗಾದ್ರೆ ಬಾಕಿ ಇರೋ ವಾಕ್ಯ ಮಾಡಿ" ಎಂದರು ಟೀಚರಮ್ಮ.

ಎದ್ದು ನಿಂತೆ. ಕೆಳಗೆ ಸೈಕಲ್ಲಿನ ಟಿಣ್ ಟಿಣ್ ನಿಂತಿತ್ತು. ಯಾರೂ ಹೇಳಿಕೊಡದೆ, ನನ್ನ ಸ್ವಂತ ಇಂಗ್ಲಿಷಿನಲ್ಲಿ ಹೇಳಿದೆ: ನನ್ನ ಗೆಳೆಯ ಎರಡು ವರ್ಷದ ಹಿಂದೆ ಬಲಗಡೆಯ ವಿಂಗಿನಿಂದ ಎಮಿಗ್ರೇಟ್ ಆದ.

ಟೀಚರಮ್ಮ ಕೆಂಪು ಪೆನ್ಸಿಲ್ ಕೆಳಗಿಟ್ಟರು. "ವಾಕ್ಯ ಸರಿಯಾಗಿದೆ. ಆದ್ರೆ ವಿಂಗು ದೇಶ ಅಲ್ಲವಲ್ಲ ಯಜಮಾನ್ರೇ."

"ಅದು ನಿಮಗೆ ಗೊತ್ತಿಲ್ಲ ಮೇಡಂ" ಎಂದೆ.

ಇನ್ನು ನಿನ್ನ ಕಾಗದದ ವಿಷಯ. ಭಯಪಡಬೇಡ. ಇವಳು ಎರಡು ದಿನ ಊಟ ಬಡಿಸಿ ಎದುರಿಗೆ ಕೂತು ಒಂದೇ ಮಾತು ಹೇಳಿದಳು: "ಅಣ್ಣ ಮಾಡಿದ್ದಕ್ಕೆ ಅತ್ತಿಗೆ ಯಾಕೆ ಅನುಭವಿಸಬೇಕು?" ಅದು ನ್ಯಾಯವೇ. ಎರಡನೆಯ ವಾಕ್ಯದಲ್ಲಿ ನೀನು ಎಮಿಗ್ರೇಟ್ ಆಗಲು ನಿರ್ಧರಿಸಿದ್ದು ನನಗೆ ತಿಳಿದಿದೆ ಎಂದಿದೆ. ಮಾರ್ಚಿನಲ್ಲಿ ಅದು ಸುಳ್ಳಾಗಿತ್ತು, ಈಗ ನಿಜ. ಅರ್ಥ ತಿಳಿದು ಸಹಿ ಹಾಕಿದ್ದೇನೆ, ಕೈ ತೊಳೆದುಕೊಂಡು.

ಮೊದಲನೆಯ ವಾಕ್ಯ ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿತು. "ಅರ್ಜಿದಾರರನ್ನು ನಾನು ಇಪ್ಪತ್ತೆರಡು ವರ್ಷದಿಂದ ಚೆನ್ನಾಗಿ ಬಲ್ಲೆ." ಇಪ್ಪತ್ತೆರಡು ವರ್ಷ, ಸರಿ. ಬಲ್ಲೆ, ಅದೂ ಇರಲಿ. ನಿನ್ನದಾಗಿ ಏನೂ ಬರೆಯಬೇಡ ಎಂದಿದ್ದೆ, ಬರೆದಿಲ್ಲ. ‘ಚೆನ್ನಾಗಿ’ ಎಂಬ ಒಂದು ಪದವನ್ನು ಹೊಡೆದು ಹಾಕಿದ್ದೇನೆ. ಅಷ್ಟಕ್ಕೆ ಅರ್ಜಿ ನಿಲ್ಲುವುದಿಲ್ಲ ಎಂದು ಟೀಚರಮ್ಮ ಹೇಳಿದ್ದಾರೆ. ಆ ಕಚೇರಿಯಲ್ಲಿ ಯಾರೂ ಅದನ್ನು ಗಮನಿಸಲಿಕ್ಕಿಲ್ಲ. ನಿನಗೆ ನಕಲು ಕಳಿಸುತ್ತಾರಂತೆ. ನೀನು ಗಮನಿಸುತ್ತೀಯ.

ಬಡಗಿ ಕೈಕೊಟ್ಟ. ಗಡಿಕಲ್ಲು ಬರಲಿಲ್ಲ. ಏನು ಮಾಡೋದು ಎಂದು ಮಾಲೀಕರು ತಲೆಯ ಮೇಲೆ ಕೈ ಹೊತ್ತು ಕೂತಿದ್ದಾರೆ. ನನಗೆ ಬಿಡಿ ಎಂದು ಹೇಳಿ ಬಂದಿದ್ದೇನೆ. ನಾಳೆ ಬೆಳಿಗ್ಗೆ ಅಂಚೆ ಕಚೇರಿ ತೆರೆಯುವ ಹೊತ್ತಿಗೆ ಸಾಲಿನಲ್ಲಿ ಮೊದಲನೆಯವನಾಗಿ ನಿಂತು ಈ ಎರಡು ಲಕೋಟೆಗಳನ್ನೂ ಹಾಕುತ್ತೇನೆ, ಜರೂರು ಅಂಚೆಯಲ್ಲಿ. ಅಲ್ಲಿಂದ ನೇರವಾಗಿ ನಾಟಕ ಮಂದಿರಕ್ಕೆ ಹೋಗಿ, ಬಲಗಡೆಯ ವಿಂಗಿನಿಂದ ನಿನ್ನ ಸ್ಟೂಲನ್ನು ಎತ್ತಿ ರಂಗದ ನಡುವೆ ತಂದಿಟ್ಟು, ಅದಕ್ಕೆ ಗೋಣಿತಟ್ಟು ಸುತ್ತಿ, ಕಲ್ಲಿನ ಬಣ್ಣ ಬಳಿಯುತ್ತೇನೆ. ಬೆಳಿಗ್ಗೆಯೇ ಬಳಿದರೆ ಸಂಜೆಯ ನಾಟಕಕ್ಕೆ ಒಣಗಿರುತ್ತದೆ.

ಇತಿ
ಗುಡುಗು